ಕನ್ನಡ ವೆಬ್‌ಸೈಟು, ಪಿಡಿಎಫ್, ಪೋಸ್ಟರ್ ಎಲ್ಲರಿಗೂ ಸಿಗೋ ಹಾಗೆ ಮಾಡೋದು ಹೇಗೆ

ಕಣ್ಣು ಕಾಣದವರು ಫೋನು ಕಂಪ್ಯೂಟರು ಬಳಸೋದು ಸ್ಕ್ರೀನ್ ರೀಡರ್ ಮೂಲಕ, ಅಂದ್ರೆ ಪರದೆ ಮೇಲಿರೋದನ್ನ ದನಿಯಲ್ಲಿ ಓದಿ ಹೇಳೋ ಸಾಫ್ಟ್‌ವೇರ್. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್, ವಿಂಡೋಸ್‌ಗೆ ಎನ್‌ವಿಡಿಎ ಅಂತ ಪೂರ್ತಿ ಉಚಿತವಾಗಿ ಸಿಗೋದು ಒಂದಿದೆ. ಇವಕ್ಕೆ ಕನ್ನಡ ಓದೋಕೆ ಬರತ್ತೆ. ಆದ್ರೆ ನಾವು ಹಾಕಿರೋದು ನಿಜವಾಗ್ಲೂ ಅಕ್ಷರ ಆಗಿರ್ಬೇಕು, ಅಕ್ಷರದ ಚಿತ್ರ ಆಗಿರ್ಬಾರ್ದು. ಕನ್ನಡದಲ್ಲಿ ಎಡವಟ್ಟಾಗೋದು ಹೆಚ್ಚಾಗಿ ಇಲ್ಲೇ, ಅದಕ್ಕೆ ಇಲ್ಲಿಂದಾನೇ ಶುರು ಮಾಡೋಣ.

ಮೊದಲು ಫಾಂಟ್ ವಿಷ್ಯ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ ಫೈಲುಗಳು ಇನ್ನೂ ಆಫೀಸು, ಪ್ರೆಸ್ಸು, ಶಾಲೆ ಎಲ್ಲಾ ಕಡೆ ಓಡಾಡ್ತಿವೆ. ಅವು ಕಣ್ಣಿಗೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟು ಅದರ ಮೇಲೆ ಕನ್ನಡದ ಆಕಾರ ಕೂರಿಸಿರತ್ತೆ ಅಷ್ಟೇ. ಸ್ಕ್ರೀನ್ ರೀಡರ್‌ಗೆ ಆಕಾರ ಕಾಣಲ್ಲ, ಒಳಗಿರೋದನ್ನೇ ಓದತ್ತೆ, ಕೇಳೋರಿಗೆ ಒಂದು ಪದಾನೂ ಅರ್ಥ ಆಗಲ್ಲ. ನಿಮ್ಮ ಫೈಲು ಹೇಗಿದೆ ಅಂತ ನೋಡೋಕೆ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ: "ಕನ್ನಡ" ಅಂತ ಇರೋ ಕಡೆ ಇಂಗ್ಲಿಷ್ ಪಿ, ತಲೆ ಮೇಲೆ ಗೆರೆ ಇರೋ ಎ, ಪೌಂಡ್ ಚಿಹ್ನೆ ಇಂಥವು ಬಂದ್ರೆ ಅದು ಯೂನಿಕೋಡ್ ಅಲ್ಲ, ಅಂದ್ರೆ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರೋ ಪದ್ಧತಿ ಅಲ್ಲ. ಆನ್‌ಲೈನಲ್ಲಿ ಉಚಿತ ಕನ್ವರ್ಟರ್‌ಗಳಿವೆ, ಅದರಲ್ಲಿ ಹಾಕಿ ಯೂನಿಕೋಡ್ ಮಾಡ್ಕೊಳ್ಳಿ, ಆಮೇಲೆ ಒಂದ್ಸಲ ಪೂರ್ತಿ ಓದಿ, ಯಾಕಂದ್ರೆ ಅರ್ಕಾವೊತ್ತು, ಒತ್ತಕ್ಷರ, ಮಧ್ಯೆ ಬಂದಿರೋ ಇಂಗ್ಲಿಷ್ ಪದ ಇವೆಲ್ಲ ಕನ್ವರ್ಟ್ ಮಾಡುವಾಗ ಕೆಡೋ ಸಾಧ್ಯತೆ ಇರತ್ತೆ.

ಪಿಡಿಎಫ್ ಇನ್ನೂ ಕಷ್ಟದ್ದು. ಪ್ರಿಂಟ್ ತೆಗೆದು ಸಹಿ ಸೀಲು ಹಾಕಿ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ ಸುತ್ತೋಲೆಯಲ್ಲಿ ಒಂದಕ್ಷರಾನೂ ಇರಲ್ಲ, ಬರೀ ಚಿತ್ರ. ಯೂನಿಕೋಡಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡಿದ್ರೂ ಎಷ್ಟೋ ಸಲ ಒತ್ತಕ್ಷರ ಹಿಂದೆ ಮುಂದೆ ಆಗಿ ಓದೋಕೆ ಬರದಂಗೆ ಆಗಿರತ್ತೆ, ಪಿಡಿಎಫ್ ಒಳಗೆ ಅಕ್ಷರದ ಬದಲು ಅದರ ಆಕಾರಗಳೇ ಉಳಿದುಕೊಳ್ಳೋದ್ರಿಂದ ಹೀಗಾಗೋದು. ನನ್ನ ಮಟ್ಟಿಗೆ ಹೇಳೋದಾದ್ರೆ ಪಿಡಿಎಫ್ ಬೇಕೇ ಬೇಕು ಅಂತಿದ್ರೆ ಇಟ್ಕೊಳ್ಳಿ, ಅದರ ಜೊತೆಗೆ ಅದೇ ವಿಷ್ಯಾನ ಮಾಮೂಲಿ ವೆಬ್ ಪೇಜಾಗಿ ಹಾಕಿ, ಅದೂ ಆಗದಿದ್ರೆ ವರ್ಡ್ ಫೈಲನ್ನಾದ್ರೂ ಪಕ್ಕದಲ್ಲಿಡಿ. ವರ್ಡಲ್ಲಿ ತಲೆಬರಹಾನ ಬರೀ ಬೋಲ್ಡ್ ಮಾಡಿ ದೊಡ್ಡದು ಮಾಡೋದಲ್ಲ, ಹೆಡ್ಡಿಂಗ್ ಸ್ಟೈಲನ್ನೇ ಹಾಕಿ.

ಪೋಸ್ಟರ್‌ಗೂ ಇದೇ ಮಾತು. ಸ್ಕಾಲರ್‌ಶಿಪ್ ಕೊನೇ ದಿನಾಂಕ, ಕರೆಂಟ್ ಹೋಗೋ ಟೈಮು, ಸಭೆ ನಡಿಯೋ ಜಾಗ ಎಲ್ಲಾನೂ ಒಂದು ಚಂದದ ಚಿತ್ರದಲ್ಲಿ ಹಾಕಿ ವಾಟ್ಸಾಪಲ್ಲಿ ಕಳಿಸಿಬಿಡ್ತೀವಿ, ಟಾಕ್‌ಬ್ಯಾಕ್ ಬಳಸೋರಿಗೆ ಹೆಚ್ಚಾಗಿ ಅಲ್ಲೊಂದು ಫೋಟೋ ಇದೆ ಅನ್ನೋದಷ್ಟೇ ಗೊತ್ತಾಗತ್ತೆ. ಪೋಸ್ಟರ್ ಕೆಳಗೆ ಅದೇ ಮಾಹಿತಿನ ಟೈಪ್ ಮಾಡಿ ಹಾಕೋಕೆ ಜಾಸ್ತಿ ಹೊತ್ತು ಬೇಡ, ದಯವಿಟ್ಟು ಹಾಕಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಎಕ್ಸ್ ಎಲ್ಲದರಲ್ಲೂ ಆಲ್ಟ್ ಟೆಕ್ಸ್ಟ್, ಅಂದ್ರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದಿ ಹೇಳೋ ವಿವರ, ಬರೆಯೋ ಜಾಗ ಇದೆ, ವೆಬ್‌ಸೈಟಲ್ಲಂತೂ ಇರ್ಲೇಬೇಕು.

ಆಲ್ಟ್ ಟೆಕ್ಸ್ಟಲ್ಲಿ ಏನು ಬರೀಬೇಕು ಅಂದ್ರೆ ಆ ಚಿತ್ರ ಅಲ್ಲಿ ಯಾಕಿದೆಯೋ ಅದನ್ನ. ಕೆಆರ್‌ಎಸ್ ನೀರಿನ ಮಟ್ಟದ ಗ್ರಾಫ್ ಹಾಕಿ "ಗ್ರಾಫ್" ಅಂತ ಬರೆದ್ರೆ ಕಣ್ಣು ಕಾಣದ ಮಂಡ್ಯದ ರೈತನಿಗೆ ಏನೂ ಸಿಗಲಿಲ್ಲ, ಗರಿಷ್ಠ ಮಟ್ಟ 124.80 ಅಡಿ, ಇವತ್ತು ಎಷ್ಟಿದೆ, ಹೋದ ವರ್ಷ ಇದೇ ದಿನ ಎಷ್ಟಿತ್ತು ಅಂತ ಬರೆದ್ರೆ ಕಣ್ಣಿರೋರಿಗೆ ಸಿಕ್ಕಿದ್ದೇ ಅವನಿಗೂ ಸಿಗತ್ತೆ. ಶಾಲೆ ಪ್ರವಾಸದ ಫೋಟೋ ಆದ್ರೆ "ಹಂಪಿ ಕಲ್ಲಿನ ರಥದ ಮುಂದೆ ನಿಂತಿರೋ ಹತ್ತನೇ ಕ್ಲಾಸ್ ಮಕ್ಕಳು" ಅಂದ್ರೆ ಸಾಕು. ಬರೀ ಅಲಂಕಾರಕ್ಕೆ ಹಾಕಿದ ಬಳ್ಳಿ, ಗೆರೆ ಇಂಥದ್ದಕ್ಕೆ ಆಲ್ಟ್ ಜಾಗ ಇಟ್ಟು ಅದನ್ನ ಖಾಲಿ ಬಿಡಿ, ಆಗ ಸ್ಕ್ರೀನ್ ರೀಡರ್ ಅದನ್ನ ಬಿಟ್ಟು ಮುಂದೆ ಹೋಗತ್ತೆ.

ಇನ್ನು ಪೇಜಿನ ಒಳಗಿನ ಕೆಲಸ. ಎಚ್‌ಟಿಎಂಎಲ್ (ವೆಬ್ ಪೇಜ್ ಬರೆಯೋ ಕೋಡ್) ಟ್ಯಾಗಲ್ಲಿ ಭಾಷೆ ಕನ್ನಡ ಅಂತ ಹೇಳೋಕೆ ಲ್ಯಾಂಗ್ (lang) ಅನ್ನೋದಿದೆ, ಅದರಲ್ಲಿ ಕೆ ಎನ್ (kn) ಅಂತ ಹಾಕಿ. ರೆಡಿಮೇಡ್ ಥೀಮ್ ತಗೊಂಡ್ರೆ ಎಷ್ಟೋ ಸಲ ಅಲ್ಲಿ ಇಂಗ್ಲಿಷ್ ಅಂತಾನೇ ಇರತ್ತೆ, ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದೋಕೆ ಹೋಗಿ ಉಚ್ಚಾರಣೆ ಕೆಡತ್ತೆ, ಕೆಲವು ದನಿಗಳು ಕನ್ನಡಾನ ಪೂರ್ತಿ ಹಾರಿಸಿಬಿಡ್ತವೆ. ಒಂದು ಸಾಲಿನ ಬದಲಾವಣೆ, ಇವತ್ತೇ ಮಾಡಬಹುದು. ಹೆಡ್ಡಿಂಗ್‌ಗಳನ್ನ ಎಚ್1 (ಮುಖ್ಯ ತಲೆಬರಹ), ಎಚ್2 (ಅದರ ಕೆಳಗಿನದು) ಅಂತ ಕ್ರಮವಾಗಿ ಕೊಡಿ, ಎನ್‌ವಿಡಿಎ ಬಳಸೋರು ಎಚ್ ಕೀ ಒತ್ತಿ ಒಂದು ಹೆಡ್ಡಿಂಗಿಂದ ಇನ್ನೊಂದಕ್ಕೆ ಹೋಗ್ತಾರೆ, ನಾವು ಕಣ್ಣಾಡಿಸೋ ಕೆಲಸಾನ ಅವರು ಹಂಗೆ ಮಾಡೋದು. ಲಿಂಕುಗಳ ಪಟ್ಟಿನ ಬೇರೆಯಾಗಿ ತೆಗೆದೂ ಕೇಳ್ತಾರೆ, ಅದರಲ್ಲಿ "ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ" ಅಂತಾನೇ ಬಂದ್ರೆ ಯಾವುದು ಒತ್ತಬೇಕು ಹೇಳಿ? "ಅರ್ಜಿ ಡೌನ್‌ಲೋಡ್ ಮಾಡಿ", "ಬಸ್ ವೇಳಾಪಟ್ಟಿ ನೋಡಿ" ಅಂತ ಬರೀರಿ.

ಕೈ ನಡುಗೋರು, ಮೌಸ್ ಹಿಡಿಯೋಕಾಗದವರು ಕೀಬೋರ್ಡಲ್ಲೇ ಎಲ್ಲಾ ಮಾಡ್ತಾರೆ. ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್, ಎಂಟರ್ ಒತ್ತುತ್ತಾ ನಿಮ್ಮ ಸೈಟಲ್ಲಿ ಒಂದು ಅರ್ಜಿ ಪೂರ್ತಿ ತುಂಬಿ ನೋಡಿ. ಈಗ ಎಲ್ಲಿದ್ದೀವಿ ಅಂತ ತೋರಿಸೋ ಚೌಕಟ್ಟು ಕಾಣ್ಬೇಕು, ಚಂದ ಕಾಣಲ್ಲ ಅಂತ ಅದನ್ನ ಸಿಎಸ್‌ಎಸ್‌ನಲ್ಲಿ (ಪೇಜಿನ ಅಂದ ಚಂದ ಹೇಳೋ ಕೋಡ್) ತೆಗೆದುಹಾಕಿದ್ರೆ ವಾಪಸ್ ಹಾಕಿ. ಫಾರ್ಮಿನ ಪ್ರತಿ ಖಾನೆಗೂ ಲೇಬಲ್ ಇರ್ಲಿ, ಖಾನೆ ಒಳಗಿನ ಮಾಸಲು ಅಕ್ಷರ ಸಾಲದು, ಟೈಪ್ ಶುರು ಮಾಡಿದ ತಕ್ಷಣ ಅದು ಮಾಯ ಆಗತ್ತೆ. ತಪ್ಪಾದ ಖಾನೆಗೆ ಬರೀ ಕೆಂಪು ಗೆರೆ ಹಾಕದೆ "ಪಿನ್‌ಕೋಡ್ 6 ಅಂಕಿ ಇರ್ಬೇಕು" ಅಂತ ಪದದಲ್ಲಿ ಹೇಳಿ. ಒಟಿಪಿಗೆ ಸಾಕಷ್ಟು ಸಮಯ ಕೊಡಿ. ನೀವು ಮನುಷ್ಯರೇ ಅಂತ ಪರೀಕ್ಷಿಸೋ ಚಿತ್ರದ ಕ್ಯಾಪ್ಚಾ ಒಂದನ್ನೇ ಇಡಬೇಡಿ. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂತ ಕೇಳೋ ಕೆವೈಸಿಯಿಂದ (ಬ್ಯಾಂಕು ಇತ್ಯಾದಿ ಮಾಡೋ ಗುರುತು ಪರಿಶೀಲನೆ) ಆಸಿಡ್ ದಾಳಿಗೆ ಒಳಗಾದವರು, ಕಣ್ಣು ಕಾಣದವರು ಹೊರಗುಳೀತಾರೆ, ಈ ವಿಷ್ಯ ಸುಪ್ರೀಂ ಕೋರ್ಟಿಗೆ ಹೋಗಿ 2025ರ ಏಪ್ರಿಲ್‌ನಲ್ಲಿ ಡಿಜಿಟಲ್ ಸೇವೆ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕೋ ಹಕ್ಕಿನ ಭಾಗ ಅಂತ ತೀರ್ಪು ಬಂತು. ಅದಕ್ಕೂ ಮುಂಚೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಇಂಥ ಮಾಹಿತಿ, ಸೇವೆ ಅವರಿಗೂ ಸಿಗೋ ಹಾಗಿರ್ಬೇಕು ಅಂತ ಇದೆ. ಅಂದ್ರೆ ಇದು ನಾವು ಮಾಡೋ ಉಪಕಾರ ಅಲ್ಲ, ಅವರಿಗೆ ಸಲ್ಲಬೇಕಾದ್ದು.

ಬಣ್ಣ. ವೆಬ್ ಎಲ್ಲರಿಗೂ ಸಿಗೋ ಹಾಗಿರೋಕೆ ಇರೋ ಅಂತರರಾಷ್ಟ್ರೀಯ ಡಬ್ಲ್ಯೂಸಿಎಜಿ ಗೈಡ್‌ಲೈನ್ ಪ್ರಕಾರ ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದ್ರೆ ಬೆಳಕಿನ ವ್ಯತ್ಯಾಸ, ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ನಮ್ಮ ರಾಜ್ಯೋತ್ಸವದ ಹಳದಿ ಕೆಂಪು ತಗೊಳ್ಳಿ, ಅಚ್ಚ ಹಳದಿ ಮೇಲೆ ಅಚ್ಚ ಕೆಂಪು ಸುಮಾರು 3.7 ಬರತ್ತೆ, ದೊಡ್ಡ ಶೀರ್ಷಿಕೆಗೆ ಸರಿ, ಕೆಳಗಿನ ಸಣ್ಣ ವಿವರಕ್ಕೆ ಸಾಲದು, ಅಲ್ಲಿ ಗಾಢ ಕೆಂಪು ಅಥವಾ ಕಪ್ಪು ಬಳಸಿ. ಇನ್ನೊಂದು, ಕನ್ನಡಕ್ಕೆ ಸಾಲುಗಳ ಮಧ್ಯೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗತ್ತೆ, ಬಟನ್ ಒಳಗಾದ್ರೆ ಒತ್ತು ಕತ್ತರಿಸಿಯೇ ಹೋಗತ್ತೆ. ಲೈನ್ ಹೈಟ್ (ಸಾಲಿನ ಎತ್ತರ) ಅಕ್ಷರದ ಗಾತ್ರದ 1.7 ಪಟ್ಟಿನ ಹತ್ರ ಇಟ್ಟು, ಪೇಜನ್ನ 200% ಝೂಮ್ ಮಾಡಿ ನೋಡಿ.

ವಿಡಿಯೋಗೆ ಕ್ಯಾಪ್ಷನ್ ಹಾಕಿ, ಆಟೋಮ್ಯಾಟಿಕ್ ಆಗಿ ಬಂದಿದ್ದನ್ನ ಹಾಗೇ ಬಿಡದೆ ಊರಿನ ಹೆಸರು, ಅಂಕಿ, ಔಷಧಿ ಹೆಸರು ಇವನ್ನೆಲ್ಲ ಕೂತು ತಿದ್ದಿ. ಮಾತಷ್ಟೇ ಅಲ್ಲ, ಚಪ್ಪಾಳೆ, ಸೈರನ್ ಅಂತ ಮುಖ್ಯವಾದ ಸದ್ದನ್ನೂ ಬರೀರಿ.

ಟೆಸ್ಟ್ ಮಾಡೋಕೆ ಕ್ರೋಮ್ ಒಳಗಿನ ಲೈಟ್‌ಹೌಸ್, ಆನ್‌ಲೈನ್ ಟೂಲ್ ವೇವ್ ಎರಡೂ ಉಚಿತ, ಆದ್ರೆ ಆಲ್ಟ್ ಇದೆಯಾ ಅಂತ ಹೇಳ್ತವೆ, ಆಲ್ಟಲ್ಲಿ ಬರೆದಿರೋದು ಸರಿ ಇದೆಯಾ ಅಂತ ಹೇಳಲ್ಲ, 100 ಮಾರ್ಕ್ಸ್ ಬಂತು ಅಂತ ನಿಲ್ಲಿಸಬೇಡಿ. ಮೂಲೆಯಲ್ಲಿ ಒಂದು ಗಾಲಿಕುರ್ಚಿ ಚಿತ್ರದ ವಿಜೆಟ್ (ಅಕ್ಷರ ಬಣ್ಣ ಬದಲಿಸೋ ಗುಂಡಿ) ಕೂರಿಸಿದ್ರೆ ಎಲ್ಲಾ ಸರಿಹೋಗತ್ತೆ ಅನ್ನೋರ ಮಾತೂ ನಂಬಬೇಡಿ. ಟಾಕ್‌ಬ್ಯಾಕ್ ಆನ್ ಮಾಡಿ, ಬಲಕ್ಕೆ ಸ್ವೈಪ್ ಮಾಡಿದ್ರೆ ಮುಂದಿನದು, ಎರಡು ಸಲ ತಟ್ಟಿದ್ರೆ ಓಪನ್, ಇಷ್ಟು ಕಲಿತು ಪರದೆ ನೋಡದೆ ನಿಮ್ಮ ಪೇಜ್ ಕೇಳಿ. ಆಮೇಲೆ ದಿನಾ ಸ್ಕ್ರೀನ್ ರೀಡರ್ ಬಳಸೋರನ್ನೇ ಕರೆದು ಪರೀಕ್ಷೆ ಮಾಡಿಸಿ, ಅದು ಅವರ ಕೆಲಸದ ಹೊತ್ತು, ಅದಕ್ಕೆ ದುಡ್ಡು ಕೊಡಿ. ಸೈಟಿನ ಕೆಳಗೆ "ಓದೋಕೆ ತೊಂದರೆ ಆದ್ರೆ ತಿಳಿಸಿ" ಅಂತ ಒಂದು ಫೋನ್ ನಂಬರು, ಒಂದು ಇಮೇಲು ಟೈಪ್ ಮಾಡಿ ಹಾಕಿ, ಮತ್ತೆ ಅದಕ್ಕೆ ಉತ್ತರ ಕೊಡೋರು ಯಾರು ಅಂತ ಮೊದಲೇ ಗೊತ್ತು ಮಾಡ್ಕೊಂಡಿರಿ.