ರಿಜಿಸ್ಟರ್ ಮುಚ್ಚಿಟ್ಟು ಹಿಮ್ಮಡಿ ನೋಡಿದೆ

ಆಯಿಗೆ ಪಾರ್ಶ್ವವಾಯು ಆಗಿ, ಹುಬ್ಬಳ್ಳಿ ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದಾಗ ಮೇ ಮುಗಿಯುತ್ತ ಬಂದಿತ್ತು. ಎಡಗೈ, ಎಡಗಾಲಿಗೆ ಸ್ವಾಧೀನ ಇರಲಿಲ್ಲ. ನಮ್ಮ ಮನೆ ಶಿರಸಿ ಪೇಟೆಯಿಂದ 12 ಕಿ.ಮೀ. ಒಳಗೆ, ತೋಟದ ಅಂಚಿನಲ್ಲಿ. ಏಜೆನ್ಸಿಯೊಂದು ಹೋಂ ನರ್ಸ್ ಕಳಿಸಿತು. ಮನೆಮಂದಿಯೆಲ್ಲ ಅವಳನ್ನು ಮೆಚ್ಚಿಕೊಂಡೆವು. ಮೆತ್ತಗಿನ ಮಾತು, ಮಂಚದ ಸುತ್ತ ಒಂದು ಕಸ ಇಲ್ಲ, ರಿಜಿಸ್ಟರಿನಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಬಿ.ಪಿ., ಮಾತ್ರೆ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ್ದು, ಎಲ್ಲ ಅದರಲ್ಲಿ ಇರುತ್ತಿತ್ತು.

ಜೂನ್ ಕೊನೆಯಲ್ಲಿ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಏರ್ ಬೆಡ್ಡಿನ ಪಂಪ್ ನಿಂತು ಹಾಸಿಗೆ ಇಳಿಯತೊಡಗಿತು. ಒಂದೂವರೆಯಿಂದ ಮೂರರವರೆಗೆ ನಾನು ಟಾರ್ಚ್ ಹಿಡಿದು ಆಯಿಯ ಪಕ್ಕದಲ್ಲೇ ಕೂತಿದ್ದೆ. ತಮ್ಮನನ್ನು ಎಬ್ಬಿಸಿ, ಇಬ್ಬರೂ ಸೇರಿ ಬಲಕ್ಕೆ ಹೊರಳಿಸಿದೆವು. ನರ್ಸ್ ಹುಡುಗಿಗೆ ಗಾಢ ನಿದ್ದೆ. ಬೆಳಿಗ್ಗೆ ರಿಜಿಸ್ಟರ್ ತೆಗೆದರೆ, "2.00 – ಎಡಮಗ್ಗುಲು."

ಆಯಿಯ ಕಾಲುಚೀಲ ಬಿಚ್ಚಿದೆ. ಎಡ ಹಿಮ್ಮಡಿಯಲ್ಲಿ ಎಂಟಾಣೆಯಷ್ಟು ಅಗಲ ಕೆಂಪಾಗಿತ್ತು. ಹುಬ್ಬಳ್ಳಿಯ ವಾರ್ಡಿನಲ್ಲಿ ಸಿಸ್ಟರ್ ಒಬ್ಬರು ತೋರಿಸಿಕೊಟ್ಟ ಹಾಗೆ ಬೆರಳಿನಿಂದ ಒತ್ತಿ ಬಿಟ್ಟೆ. ಒತ್ತಿದ ಜಾಗ ಬಿಳುಪೇರಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ ಎಂದರ್ಥ. ಇದು ಬಿಳುಪೇರಲೇ ಇಲ್ಲ. ಬೆಡ್ ಸೋರಿನ, ಅಂದರೆ ಹೊರಳದೆ ಒಂದೇ ಕಡೆ ಒತ್ತಿ ಆಗುವ ಹುಣ್ಣಿನ, ಮೊದಲ ಹಂತ. ಚರ್ಮ ಇನ್ನೂ ಒಡೆದಿರುವುದಿಲ್ಲ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಈ ಕೆಂಪು ಕಾಣದೆ ಹೋಗಬಹುದು, ಆಗ ಆ ಜಾಗ ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಎಂದು ಮುಟ್ಟಿ ನೋಡಬೇಕು.

"ರಾತ್ರಿ ನಿನ್ನ ಹೊರಳಿಸ್ತಾ ಇದ್ಲಾ ಆಯಿ?"

"ಹೊರಳ್ಸಿದ್ದಿಲ್ಲೆ. ಪಾಪ, ಅದ್ಕೂ ನಿದ್ದೆ ಬತ್ತಿಲ್ಯನೇ?"

ಒಂದು ತಿಂಗಳಿಂದ ದಿನಾ ರಿಜಿಸ್ಟರ್ ಓದುತ್ತಿದ್ದೆ, ಆಯಿಯನ್ನು ಒಂದು ದಿನವೂ ಕೇಳಿರಲಿಲ್ಲ.

ಸಿಟ್ಟು ಬಂತು. ಆದರೆ ಆಯಿಯ ಮಾತು ಮನಸ್ಸಿನಿಂದ ಹೋಗಲಿಲ್ಲ. ಹಗಲಿಡೀ ಸ್ನಾನ, ಊಟ, ಡೈಪರ್ ನೋಡಿಕೊಂಡವಳು ರಾತ್ರಿಯೂ ಎರಡು ತಾಸಿಗೊಮ್ಮೆ ಹೇಗೆ ಏಳುತ್ತಾಳೆ? ಏಜೆನ್ಸಿ "24 ಗಂಟೆ ಸೇವೆ" ಅಂದಿತ್ತು, ನಾವು ಹೂಂ ಅಂದಿದ್ದೆವು. ಆಗದ ಕೆಲಸ ಕೊಟ್ಟು ಲೆಕ್ಕ ಕೇಳಿದರೆ ಸುಳ್ಳು ಲೆಕ್ಕವೇ ಸಿಗುತ್ತದೆ. ಏಜೆನ್ಸಿಗೆ ಫೋನ್ ಮಾಡಿದರೆ ಬೇರೆ ಹುಡುಗಿಯನ್ನು ಕಳಿಸುತ್ತೇವೆ ಅಂದರು. ರಾತ್ರಿ ಪಾಳಿಗೆ ಯಾರು ಅಂದದ್ದಕ್ಕೆ ಉತ್ತರ ಬರಲಿಲ್ಲ.

ಮತ್ತೊಬ್ಬರನ್ನು ಗೊತ್ತುಮಾಡುವಾಗ ಬೇರೆಯದೇ ಪ್ರಶ್ನೆ ಕೇಳಿದೆ. ಹೋಂ ನರ್ಸ್ ಎಂದು ಬರುವವರೆಲ್ಲ ನರ್ಸಿಂಗ್ ಓದಿದವರಲ್ಲ. ನರ್ಸಿಂಗ್ ಕೋರ್ಸುಗಳಲ್ಲಿ ಎಎನ್‌ಎಂ ಎರಡು ವರ್ಷದ್ದು, ಜಿಎನ್‌ಎಂ ಮೂರು. ನಮಗೆ ಬೇಕಾದದ್ದು ಆರೈಕೆ, ಅದಕ್ಕೆ ಇಷ್ಟೆಲ್ಲ ಓದಿರಬೇಕೆಂದಿಲ್ಲ. ಆದರೆ ಕ್ಯಾತಿಟರ್ (ಮೂತ್ರದ ನಳಿಗೆ) ಹಾಕುವುದು, ಇಂಜೆಕ್ಷನ್ ಇದ್ದರೆ ಓದಿದವರೇ ಬೇಕು. ನಾವು ಕೊಡುವ ದುಡ್ಡಿನಲ್ಲಿ ಅವಳ ಕೈಗೆ ಎಷ್ಟು ಸೇರುತ್ತದೆ, ರಜೆ ಯಾವಾಗ, ಆ ದಿನ ಯಾರು ಬರುತ್ತಾರೆ ಎಂದೂ ಕೇಳಿದೆ. ಮೊದಲ ದಿನ ಹೊಸ ಹುಡುಗಿ ಗಂಜಿ ಕುಡಿಸುವುದನ್ನು ನೋಡುತ್ತ ಕೂತೆ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿದಳು, ಒಂದು ಚಮಚ ನುಂಗಿದ್ದು ಖಾತ್ರಿಯಾದ ಮೇಲೆಯೇ ಇನ್ನೊಂದು. ಉಂಡ ಮೇಲೂ ಅರ್ಧ ತಾಸು ಮಲಗಿಸಲಿಲ್ಲ. ಗಂಟಲಲ್ಲಿ ಉಳಿದದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ ಎಂದು ನಾನು ಕೇಳದೆಯೇ ಹೇಳಿದಳು.

ಹನ್ನೊಂದರಿಂದ ಐದರವರೆಗಿನ ಹೊತ್ತನ್ನು ನಾನೂ ತಮ್ಮನೂ ಹಂಚಿಕೊಂಡೆವು, ಅವಳು ಒಳಕೋಣೆಯಲ್ಲಿ ಮಲಗುತ್ತಾಳೆ. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿದ್ದರಿಂದ ಆ ಕೆಂಪು ಇಳಿಯಿತು. ವಾರಕ್ಕೆರಡು ಸಲ ಹಿಮ್ಮಡಿ, ಸೊಂಟದ ಕೆಳಗೆ, ಮೊಣಕೈ, ಕಿವಿಯ ಹಿಂದೆ ನಾನೇ ನೋಡುತ್ತೇನೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವಲ್ಲ, ತೊಡೆಸಂದಿಯನ್ನು ದಿನಾ ನೋಡಬೇಕು.

ಕಳೆದ ತಿಂಗಳು ಇಬ್ಬರೂ ಒಂದು ಮದುವೆಗೆ ಹೋಗಿದ್ದೆವು, ರಾತ್ರಿ ಅವಳೇ ಇದ್ದಳು. ಬಂದು ರಿಜಿಸ್ಟರ್ ತೆಗೆದೆ. ಒಂದು ಗಂಟೆಯ ಸಾಲಿನಲ್ಲಿ ಬರೆದಿದ್ದಳು: "ನಿದ್ದೆ ಹತ್ತಿತು, ಹೊರಳಿಸಲಿಲ್ಲ. ಮೂರಕ್ಕೆ ಎದ್ದು ಹಿಮ್ಮಡಿ ನೋಡಿದೆ, ಸರಿ ಇದೆ."