ಹಳೆ ಬಿ350 ಬೋರ್ಡಿಗೆ ರೈಜನ್ 5600 ಕೂರಿಸಿದ್ದು: ನನ್ನ ಅನುಭವ

"ಹಳೆ ಬಿ350 ಮದರ್‌ಬೋರ್ಡಿಗೆ ರೈಜನ್ 5600 ಪ್ರೊಸೆಸರ್ ಹಾಕುವುದು ಆಗುವ ಹೋಗುವ ಕೆಲಸ ಅಲ್ಲ ಮಾರಾಯ್ರೆ, ಬೋರ್ಡೇ ಬದಲಿಸಿ" ಎಂದವರು ಈಗ ಫೋನು ಮಾಡಿ ಯಾವ ಬಯಾಸ್ (ಮೆಶಿನನ್ನು ಎಬ್ಬಿಸುವ, ಬೋರ್ಡಿನ ಚಿಪ್ಪಿನಲ್ಲಿರುವ ಸಾಫ್ಟ್‌ವೇರ್) ಹಾಕಿದಿರಿ, ಯಾವ ಸೆಟ್ಟಿಂಗ್ ಇಟ್ಟಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಯಿತು. ಒಮ್ಮೆ ಬರೆದರೆ ಮುಗಿಯಿತಲ್ಲ.

ಬದಿಯಡ್ಕದಲ್ಲಿ ನನ್ನದು ಸಣ್ಣ ಅಂಗಡಿ. ಮಳೆಗಾಲದಲ್ಲಿ ರಿಪೇರಿ, ಬೇಸಗೆಯಲ್ಲಿ ಬ್ರಹ್ಮಕಲಶದ ಆಮಂತ್ರಣ, ಮದುವೆ ಕಾಗದ. ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಯಕ್ಷಗಾನದ ವಿಡಿಯೋ. ಈ ಮೂರನೆಯದೇ ತಲೆಬಿಸಿ. ಇಡೀ ರಾತ್ರಿಯ ಆಟವನ್ನು ಎರಡು ಕ್ಯಾಮರಾದಲ್ಲಿ ಹಿಡಿದು, ಜೋಡಿಸಿ, ಒಂದೇ ವಿಡಿಯೋ ಫೈಲಾಗಿ ಹೊರತೆಗೆಯುವ ರೆಂಡರ್‌ಗೆ ಹಾಕಿದರೆ ನನ್ನ ಹಳೆ ಪ್ರೊಸೆಸರ್ ರೈಜನ್ 3 1200 ಮರುದಿನ ಮಧ್ಯಾಹ್ನ ದಾಟಿದರೂ ಮುಗಿಸುತ್ತಿರಲಿಲ್ಲ. ಅಷ್ಟರಲ್ಲಿ ಸೇವೆಯಾಟದ ಮನೆಯವರಿಂದ "ವಿಡಿಯೋ ಆಯಿತಾ?" ಎಂದು ಫೋನು. ಮೇಲಿನಿಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ನಿಲ್ಲುವ 2025ರ ಅಕ್ಟೋಬರ್ 14ರ ಗಡುವು ಇತ್ತು. ವಿಂಡೋಸ್ 11ಕ್ಕೆ ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ 1200 ಇಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಈ ಕೆಲಸಕ್ಕೆ ಕೈ ಹಾಕಿದೆ.

ಮಂಗಳೂರಿನ ಒಂದು ಅಂಗಡಿಯಲ್ಲಿ ಬೋರ್ಡ್, ರ‍್ಯಾಮ್, ಪ್ರೊಸೆಸರ್ ಸೇರಿ ಇಪ್ಪತ್ತೆಂಟು ಸಾವಿರದ ಹತ್ತಿರ ಎಸ್ಟಿಮೇಟ್ ಕೊಟ್ಟರು. ನನಗೆ ಬೇಕಾದದ್ದು ಪ್ರೊಸೆಸರ್ ಮಾತ್ರ. ರೈಜನ್ 5000 ಸರಣಿ 2020ರ ಕೊನೆಗೆ ಬಂದಾಗ ಬಿ350ರಂಥ 300 ಸರಣಿಯ ಬೋರ್ಡುಗಳಿಗೆ ಅಧಿಕೃತವಾಗಿ ಬೆಂಬಲ ಇರಲಿಲ್ಲ ಎಂಬುದು ನಿಜ. ಆದರೆ 2022ರಲ್ಲಿ ರೈಜನ್ ಮಾಡುವ ಎಎಂಡಿ ಕಂಪೆನಿ ಆ ತಡೆಯನ್ನು ತೆಗೆಯಿತು, ಬೋರ್ಡ್ ಕಂಪೆನಿಗಳು ಬಯಾಸ್ ಹೊರಡಿಸಿದವು. ಕೌಂಟರಿನಲ್ಲಿದ್ದವರಿಗೆ 2020ರ ಸುದ್ದಿ ಮಾತ್ರ ಗೊತ್ತಿತ್ತು. ನಾನು ವಾದ ಮಾಡಲಿಲ್ಲ. 5600 ಒಂದನ್ನೇ ತೆಗೆದುಕೊಂಡು ಬಸ್ಸು ಹತ್ತಿದೆ. ಒಂಬತ್ತೂವರೆ ಸಾವಿರ ಚಿಲ್ಲರೆ ಆಗಿರಬೇಕು.

ಹಳೆ ಬಯಾಸಿನ ಮೇಲೆ ಹೊಸ ಪ್ರೊಸೆಸರ್ ಇಟ್ಟರೆ ಫ್ಯಾನು ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದ್ದರಿಂದ 1200 ಇರುವಾಗಲೇ ಬಯಾಸ್ ಏರಿಸಬೇಕು. ನನ್ನ ಬೋರ್ಡಿನಲ್ಲಿ ಇದ್ದದ್ದು 2018ರ ಬಯಾಸ್. ಹೊಸ ಫೈಲನ್ನು ನೇರ ಕೊಟ್ಟರೆ ಇನ್‌ವ್ಯಾಲಿಡ್ ಇಮೇಜ್ ಎಂದು ಹೊರಗೆ ಹಾಕಿತು. ಪೆನ್‌ಡ್ರೈವ್ ಬದಲಿಸಿದೆ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದೆ, ಏನೂ ಆಗಲಿಲ್ಲ. ನಡುವಿನ ಒಂದು ವರ್ಷನ್‌ಗೆ ಮೊದಲು ಹೋಗಬೇಕಿತ್ತು. ಕಂಪೆನಿಯ ಪುಟದಲ್ಲಿ ಅದನ್ನು ಕೆಳಗೆಲ್ಲೋ ಇರುವೆ ಅಕ್ಷರದಲ್ಲಿ ಬರೆದಿರುತ್ತಾರೆ. ಹಳೆ ಪ್ರೊಸೆಸರ್ ಇರುವವರು ಈ ಬಯಾಸ್ ಹಾಕಬೇಡಿ ಎಂದೂ ಕೆಲವರು ಬರೆಯುತ್ತಾರೆ. ಅದನ್ನು ಓದಿ ಹೆದರಿ ಬಿಟ್ಟವರೇ ಹೆಚ್ಚು. ನನ್ನದರಲ್ಲಿ 1200 ಹೊಸ ಬಯಾಸಿನಲ್ಲೂ ಸರಿಯಾಗಿಯೇ ಏಳುತ್ತಿತ್ತು. ಆದರೆ ಬಯಾಸ್ ಇರುವ ಚಿಪ್ 16 ಎಂಬಿಯದ್ದಾದರೆ ಎ ಸರಣಿಯ ಹಳೆ ಬ್ರಿಸ್ಟಲ್ ರಿಜ್ ಪ್ರೊಸೆಸರುಗಳನ್ನು ಹೊಸ ಬಯಾಸಿನಿಂದ ತೆಗೆದಿರುವುದುಂಟು. ಎಲ್ಲಕ್ಕೂ ಜಾಗ ಸಾಲುವುದಿಲ್ಲ. ಅದನ್ನು ಮಾತ್ರ ನೋಡಿಕೊಳ್ಳಿ.

ಬಯಾಸ್ ಫ್ಲ್ಯಾಶ್ ಆಗುವ, ಎಂದರೆ ಚಿಪ್ಪಿಗೆ ಬರೆದುಕೊಳ್ಳುವ, ಮೂರು ನಾಲ್ಕು ನಿಮಿಷಕ್ಕೆ ಕರೆಂಟು ಇರಬೇಕು. ಜೂನ್ ತಿಂಗಳ ಮಳೆಯಲ್ಲಿ ನಮ್ಮ ಕಡೆ ಅದನ್ನು ನಂಬಿ ಕೂರಲು ಆಗುತ್ತದಾ? ತೆಂಗಿನ ಮಡಲು ಲೈನಿಗೆ ಬಿದ್ದರೆ ಸಂಜೆಯವರೆಗೆ ಇಲ್ಲ. ನಾನು ಇನ್ವರ್ಟರಿನಿಂದ ಯುಪಿಎಸ್‌ಗೆ, ಯುಪಿಎಸ್‌ನಿಂದ ಮೆಶಿನಿಗೆ ಕೊಟ್ಟೆ, ಮಾನಿಟರನ್ನು ಬೇರೆ ಪ್ಲಗ್ಗಿಗೆ ಹಾಕಿದೆ. ಕುಂಬಳೆಯ ಸ್ನೇಹಿತನೊಬ್ಬ ಇಷ್ಟೆಲ್ಲ ಯಾಕೆ ಎಂದು ನಗುತ್ತಿದ್ದ. ಅವನ ಬೋರ್ಡ್ ಅರ್ಧದಲ್ಲಿ ನಿಂತು ನನ್ನ ಮೇಜಿಗೇ ಬಂತು. ಬಯಾಸ್ ಚಿಪ್ಪಿಗೆ ಹೊರಗಿನಿಂದ ನೇರ ಬರೆಯುವ ಸಿಎಚ್341ಎ ಪ್ರೋಗ್ರಾಮರ್, ಕ್ಲಿಪ್, ಅಡಾಪ್ಟರ್ ಎಲ್ಲ ಸೇರಿ ಐನೂರು ಆರುನೂರಕ್ಕೆ ತರಿಸಿದ್ದೆ. ಎಚ್ಚರ ಏನೆಂದರೆ ಎಎಂ4 (ಈ ರೈಜನ್‌ಗಳು ಕೂರುವ ಸಾಕೆಟ್) ಬೋರ್ಡುಗಳಲ್ಲಿ ಬಯಾಸ್ ಚಿಪ್ 1.8 ವೋಲ್ಟಿನದ್ದೂ ಇರುತ್ತದೆ, ಪ್ರೋಗ್ರಾಮರ್ ಕೊಡುವುದು 3.3. ಚಿಪ್ಪಿನ ನಂಬರ್ ಓದಿ, ಬೇಕಾದರೆ ನಡುವೆ 1.8ರ ಅಡಾಪ್ಟರ್ ಹಾಕದಿದ್ದರೆ ಚಿಪ್ ಸತ್ತ ಹಾಗೆಯೇ. ಮೂರು ಸಲ ಓದಿಸಿ ಮೂರೂ ಫೈಲ್ ಒಂದೇ ಬಂದರೆ ಮಾತ್ರ ಬರೆಯಲು ಹೊರಡಬೇಕು. ಮಳೆಗಾಲದಲ್ಲಿ ಚಿಪ್ಪಿನ ಕಾಲು ಮಂಕಾಗಿ ಕ್ಲಿಪ್ ಸರಿಯಾಗಿ ಕಚ್ಚುವುದಿಲ್ಲ. ಅದಕ್ಕೆ ನಾನು ಮಾಡುವ ಉಪಾಯ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲೇ ನನ್ನ ನಾಲ್ಕು ಕಾಸು ಉಂಟು.

ಕೂಲರ್ ತೆಗೆಯುವಾಗ ಎಳೆಯಬೇಡಿ. ಇಷ್ಟು ವರ್ಷದ ಪೇಸ್ಟು ಒಣಗಿ ಸಿಮೆಂಟಿನ ಹಾಗೆ ಹಿಡಿದಿರುತ್ತದೆ. ಲಿವರ್ ಹಾಕಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಕೂಲರಿನ ಜೊತೆಗೇ ಎದ್ದು ಬರುತ್ತದೆ, 1331 ಪಿನ್ನಿನಲ್ಲಿ ನಾಲ್ಕೈದು ಬಾಗುತ್ತವೆ. ಮೊದಲು ಹತ್ತು ನಿಮಿಷ ಏನಾದರೂ ರೆಂಡರ್ ಹಾಕಿ ಬಿಸಿ ಮಾಡಿ, ಬಂದ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲ ತಿರುಗಿಸಬೇಕು. ಜಾರಲು ಶುರುವಾದ ಮೇಲೆ ಎತ್ತಬೇಕು. ಪೆರ್ಲದಿಂದ ಒಬ್ಬ ಹುಡುಗ ಎಳೆದು ತೆಗೆದು ತಂದ ಪ್ರೊಸೆಸರ್‌ನಲ್ಲಿ ಒಂದು ಮೂಲೆಯ ಪಿನ್ನು ಪೂರಾ ಮಲಗಿತ್ತು. 0.5ರ ಲೀಡ್ ಪೆನ್ಸಿಲಿನ ಖಾಲಿ ತುದಿಯನ್ನು ಪಿನ್ನಿಗೆ ಸಿಕ್ಕಿಸಿ ಎಬ್ಬಿಸಿದೆ, ಆಮೇಲೆ ಹಳೆ ಬ್ಲೇಡನ್ನು ಎರಡು ಸಾಲಿನ ನಡುವೆ ಓಡಿಸಿ ನೇರ ಮಾಡಿದೆ. ಅದು ಈಗಲೂ ಓಡುತ್ತಿದೆ.

ಹೊಸದು ಕೂತಿತು, ಮೊದಲನೇ ಸ್ಕ್ರೀನಿನಲ್ಲೇ ಎಫ್‌ಟಿಪಿಎಂ (ಡಿಸ್ಕಿನ ಬೀಗದ ಕೀ ಇಟ್ಟುಕೊಳ್ಳುವ ಭಾಗ) ರೀಸೆಟ್ ಮಾಡಲೇ ಎಂಬ ಪ್ರಶ್ನೆ: ವೈ ಒತ್ತುತ್ತೀರಾ, ಎನ್ ಒತ್ತುತ್ತೀರಾ? ಡಿಸ್ಕಿಗೆ ವಿಂಡೋಸಿನ ಬೀಗ ಬಿಟ್‌ಲಾಕರ್ ಇದ್ದು ರಿಕವರಿ ಕೀ ಕೈಯಲ್ಲಿ ಇಲ್ಲದಿದ್ದರೆ ವೈ ಒತ್ತಿದ ಮೇಲೆ ಡೇಟಾ ಹೋಯಿತು. ಗಿರಾಕಿಗಳಿಗೆ ತಮ್ಮ ಮೆಶಿನಿನಲ್ಲಿ ಅದು ಆನ್ ಇದೆ ಎಂದೇ ಗೊತ್ತಿರುವುದಿಲ್ಲ. ಹಳೆ ಪ್ರೊಸೆಸರ್ ಇರುವಾಗಲೇ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿಟ್ಟರೆ ರಗಳೆ ಇಲ್ಲ.

ಅಂಗಡಿಯ ಇನ್ನೊಂದು ಡಿಟಿಪಿ ಮೆಶಿನಿಗೂ ಇದೇ ಚಿಕಿತ್ಸೆ ಮಾಡಲು ಹೋದಾಗ ಬೇರೆಯೇ ತಮಾಷೆ ಆಯಿತು. ವಿಂಡೋಸ್ 11ಕ್ಕೆಂದು ಡಿಸ್ಕನ್ನು ಹೊಸ ಮಾದರಿಗೆ ಬದಲಿಸುವ ಎಂಬಿಆರ್‌ಟುಜಿಪಿಟಿ ಓಡಿಸಿ, ಹಳೆ ಮಾದರಿಯ ಬೂಟಿಗೆ ಇರುವ ಸಿಎಸ್‌ಎಂ ಬಂದ್ ಮಾಡಿದೆ. ಸ್ಕ್ರೀನ್ ಕಪ್ಪು. ಅದರಲ್ಲಿದ್ದದ್ದು ಜೀಫೋರ್ಸ್ 210, ಯುಇಎಫ್‌ಐ ಎಂಬ ಹೊಸ ಮಾದರಿಯ ಬಯಾಸ್ ಎಲ್ಲ ಕಡೆ ಬಳಕೆಗೆ ಬರುವ ಮೊದಲಿನ ಕಾಲದ ಗ್ರಾಫಿಕ್ಸ್ ಕಾರ್ಡು. ಸಿಎಸ್‌ಎಂ ಇಲ್ಲದೆ ಅದು ಚಿತ್ರ ಕೊಡುವುದಿಲ್ಲ, 5600ಕ್ಕೆ ಸ್ವಂತ ಗ್ರಾಫಿಕ್ಸ್ ಇಲ್ಲ. ಅಲ್ಲಿಗೆ ಸೆಕೆಂಡ್‌ಹ್ಯಾಂಡ್ ಕಾರ್ಡಿಗೆಂದು ಸಾವಿರದೈನೂರು ಹೋಯಿತು. ಅಂಥ ಮೆಶಿನಿಗೆ ಸ್ವಂತ ಗ್ರಾಫಿಕ್ಸ್ ಇರುವ 5600ಜಿ ತೆಗೆದುಕೊಳ್ಳುವುದೇ ಲಾಭ.

ರ‍್ಯಾಮ್ ಬೆಳಿಗ್ಗೆ ಬೆಳಿಗ್ಗೆ ಆಟ ಆಡಿಸಿತು. ಎರಡು ಬೇರೆ ಕಂಪೆನಿಯ 8 ಜಿಬಿ ಕಡ್ಡಿ. 5600ರ ಲೆಕ್ಕದಲ್ಲಿ 3200ರ ವೇಗದಲ್ಲಿ ಓಡಬೇಕು, ಆದರೆ ತಣ್ಣಗಿರುವಾಗ ಮೂರು ಸಲ ಆನ್-ಆಫ್ ಆಗಿ ಕೊನೆಗೆ 2133ಕ್ಕೆ ಇಳಿದು ಕೂರುತ್ತಿತ್ತು. ರಬ್ಬರಿನಲ್ಲಿ ಕಾಲು ಉಜ್ಜಿ, ಸ್ಲಾಟು ಬದಲಿಸಿ, 2666ರಿಂದ ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಈಗ 3000ದಲ್ಲಿ ಗಟ್ಟಿ ನಿಂತಿದೆ. ಮುಂದೆ ಹೋಗಲು ಆಸೆಯೂ ಇಲ್ಲ.

ಇಷ್ಟಾದ ಮೇಲೆ ಬಂದದ್ದು ನಿಜವಾದ ಕಿರಿಕಿರಿ. ಮೆಶಿನ್ ತಾನೇ ರೀಸ್ಟಾರ್ಟ್. ರೆಂಡರ್ ಹಾಕಿದರೆ ಇಡೀ ರಾತ್ರಿ ಗಟ್ಟಿಯಾಗಿ ಓಡುತ್ತದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಪಾಸು. ಆದರೆ ಆಮಂತ್ರಣದ ಪ್ರೂಫ್ ತೆರೆದಿಟ್ಟು ಗಿರಾಕಿಯ ಹತ್ತಿರ ಮಾತಾಡಿ ತಿರುಗಿದರೆ ಬೂಟ್ ಸ್ಕ್ರೀನ್ ಕಾಣುತ್ತದೆ. ನೀಲಿ ಪರದೆ ಇಲ್ಲ, ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 (ಸರಿಯಾಗಿ ಬಂದ್ ಆಗದೆ ರೀಸ್ಟಾರ್ಟ್ ಆಯಿತು) ಎಂದು ಒಂದು ಸಾಲು ಅಷ್ಟೆ. ಪ್ರೊಸೆಸರ್ ಡೂಪ್ಲಿಕೇಟ್ ಎಂದರು ಒಬ್ಬರು. ಬೋರ್ಡ್ ತಡೆಯುವುದಿಲ್ಲ, ಮೊದಲೇ ಹೇಳಿದ್ದೆವಲ್ಲ ಎಂದರು ಮತ್ತೊಬ್ಬರು. ವಿಟ್ಲದ ಒಬ್ಬರು ಎಸ್‌ಎಂಪಿಎಸ್ (ಮೆಶಿನಿನ ಪವರ್ ಸಪ್ಲೈ) ಹೋಗಿದೆ ಎಂದರು. ಅವರದ್ದೇ ಒಂದನ್ನು ತಂದು ಹಾಕಿದಾಗ ತೊಂದರೆ ನಿಂತದ್ದೂ ಹೌದು. ಹಾಗಾದರೆ ನನ್ನ 450 ವ್ಯಾಟಿನದ್ದು ಸತ್ತಿದೆಯಾ? ಸತ್ತದ್ದು ಲೋಡ್ ಬಂದಾಗ ಬೀಳಬೇಕಲ್ಲ, ಸುಮ್ಮನಿರುವಾಗ ಯಾಕೆ ಬೀಳುತ್ತದೆ?

ಅಲ್ಲೇ ಉತ್ತರ ಇದ್ದದ್ದು. ಕೆಲಸ ಇಲ್ಲದಾಗ ರೈಜನ್ ಕೋರುಗಳು ಸಿ6 ಎಂಬ ಗಾಢ ನಿದ್ರೆಗೆ ಹೋಗುತ್ತವೆ, ಎಳೆಯುವ ಕರೆಂಟು ತೀರಾ ಕಡಿಮೆಯಾಗುತ್ತದೆ. ಕೆಲವು ಹಳೆ ಎಸ್‌ಎಂಪಿಎಸ್‌ಗಳಿಗೆ ಅಷ್ಟು ಕಡಿಮೆ ಲೋಡಿನಲ್ಲಿ ವೋಲ್ಟೇಜು ಹಿಡಿದು ನಿಲ್ಲಿಸಲು ಬರುವುದಿಲ್ಲ. ಬಯಾಸಿನಲ್ಲಿ ಎಎಂಡಿ ಸಿಬಿಎಸ್ ಎಂಬ ಮೆನುವಿನ ಒಳಗೆ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂದು ಒಂದು ಸಾಲು ಉಂಟು. ಆಟೋ ಇದ್ದದ್ದನ್ನು ಟಿಪಿಕಲ್ ಕರೆಂಟ್ ಐಡಲ್ ಮಾಡಿದೆ. ಸೇವ್. ಆ ದಿನದಿಂದ ಒಂದು ಸಲವೂ ಬಿದ್ದಿಲ್ಲ. ಸುಮ್ಮನಿರುವಾಗ ನಾಲ್ಕೈದು ವ್ಯಾಟ್ ಹೆಚ್ಚು ತಿನ್ನುತ್ತದೆ, ತಿನ್ನಲಿ. ಹೊಸ ಎಸ್‌ಎಂಪಿಎಸ್‌ನ ಮೂರು ಸಾವಿರ ಉಳಿಯಿತು. ವಿಟ್ಲದವರಿಗೆ ಇದನ್ನು ಹೇಳಿದಾಗ ಮೊದಲು ನಂಬಲಿಲ್ಲ, ಮರುವಾರ ಅವರೇ ಒಂದು ಮೆಶಿನಿಗೆ ಮಾಡಿ ಫೋನು ಮಾಡಿದರು.

ನಡುವೆ ಒಂದು ಬೇಡದ ಪ್ರಯೋಗವನ್ನೂ ಮಾಡಿದೆ. ನನ್ನ ಬೋರ್ಡಿನಲ್ಲಿ ಪ್ರೊಸೆಸರಿಗೆ ಬೇಕಾದ ವೋಲ್ಟೇಜು ಮಾಡಿ ಕೊಡುವ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇಲ್ಲ. ಎಸಿ ಮೆಕ್ಯಾನಿಕ್‌ನ ಥರ್ಮಾಮೀಟರ್ ಹಿಡಿದು ನೋಡಿದರೆ ರೆಂಡರ್ ಹೊತ್ತಿಗೆ ತೊಂಬತ್ತು ದಾಟುತ್ತಿತ್ತು. ಹಾಳಾದ ಬೋರ್ಡೊಂದರ ಹೀಟ್‌ಸಿಂಕನ್ನು ಕತ್ತರಿಸಿ ಥರ್ಮಲ್ ಟೇಪಿನಲ್ಲಿ ಅಂಟಿಸಿದೆ, ಹತ್ತು ಡಿಗ್ರಿ ಇಳಿಯಿತು. ಪಿಪಿಟಿಯನ್ನು (ಪ್ರೊಸೆಸರ್ ಎಳೆಯುವ ಪವರಿನ ಮಿತಿ) 60 ವ್ಯಾಟಿಗೆ ಇಳಿಸಿದಾಗ ಇನ್ನೂ ಇಳಿಯಿತು, ರೆಂಡರ್ ಸಮಯ ಕಾಲು ಗಂಟೆಯೂ ಹೆಚ್ಚಾಗಲಿಲ್ಲ. ಪ್ರೊಸೆಸರಿನ ವೋಲ್ಟೇಜು ಹೊಂದಿಸುವ ಕರ್ವ್ ಆಪ್ಟಿಮೈಸರಿನಲ್ಲಿ ನನ್ನ ನಂಬರ್ ಎಷ್ಟು ಎಂದು ಕೇಳಬೇಡಿ. ಚಿಪ್ಪಿನಿಂದ ಚಿಪ್ಪಿಗೆ ಅದು ಬೇರೆ, ಮತ್ತೆ ಕೆಟ್ಟರೆ ನನ್ನ ಹೆಸರು ಹೇಳುತ್ತೀರಿ.

ಒಟ್ಟು ಖರ್ಚು ಪ್ರೊಸೆಸರ್, ಪೇಸ್ಟು, ಪ್ರೋಗ್ರಾಮರ್ ಸೇರಿ ಹನ್ನೊಂದು ಸಾವಿರದ ಒಳಗೆ. ಹಳೆ 1200 ಎರಡು ಸಾವಿರಕ್ಕೆ ನೀರ್ಚಾಲಿನ ಒಬ್ಬರಿಗೆ ಹೋಯಿತು. ಈಗ ಇಡೀ ರಾತ್ರಿಯ ಆಟವನ್ನು ಮಧ್ಯಾಹ್ನ ಊಟಕ್ಕೆ ಮುಂಚೆ ರೆಂಡರ್‌ಗೆ ಹಾಕಿದರೆ ಸಂಜೆ ಚಹಾದ ಹೊತ್ತಿಗೆ ಪೆನ್‌ಡ್ರೈವಿಗೆ ಏರಿಸಬಹುದು.

ಬೋರ್ಡ್ ತರುವವರು ಮೊದಲು ಬಯಾಸ್ ವರ್ಷನ್ನಿನ ಫೋಟೋ ಕಳಿಸಿ. ಬಿಟ್‌ಲಾಕರ್ ಕೀ ಬರೆದು ತನ್ನಿ. ಕೂಲರನ್ನು ಮಾತ್ರ ಮನೆಯಲ್ಲಿ ತೆಗೆಯಬೇಡಿ, ಮೆಶಿನನ್ನು ಇದ್ದ ಹಾಗೆಯೇ ತನ್ನಿ. ಪಿನ್ನು ನೇರ ಮಾಡಲು ಬೇರೆ ಚಾರ್ಜು.