ಚಿಕ್ಕ ಮಕ್ಕಳ ಜೊತೆ ಸಂಗೀತ ಕಚೇರಿಗೆ ಹೋಗುವುದು ಹೇಗೆ?

ನಮ್ಮ ಕಾಸರಗೋಡಿನ ಮಕ್ಕಳಿಗೆ ಕೂತು ನೋಡುವ ತಾಳ್ಮೆ ಇಲ್ಲ ಅಂತ ಹೇಳುವ ಹಾಗಿಲ್ಲ. ಯಕ್ಷಗಾನಕ್ಕೆ ನಡುರಾತ್ರಿವರೆಗೂ ಕಣ್ಣು ಬಿಟ್ಟುಕೊಂಡು ಕೂರುತ್ತವೆ. ಆದರೆ ಅಲ್ಲಿ ವೇಷ ಉಂಟು, ಚೆಂಡೆ ಉಂಟು, ನಿದ್ದೆ ತೂಗಿದರೆ ಮಹಿಷಾಸುರ ಸಭೆಯ ನಡುವಿನಿಂದಲೇ ದೊಂದಿ ಹಿಡಿದು ಬಂದು ಎಬ್ಬಿಸುತ್ತಾನೆ. ಕಚೇರಿಯಲ್ಲಿ ಮೂರ್ನಾಲ್ಕು ಜನ ಚಕ್ಕಳಮಕ್ಕಳ ಹಾಕಿ ಕೂತಲ್ಲೇ ಕೂತಿರುತ್ತಾರೆ. ಅಲ್ಲಿ ನೋಡಲಿಕ್ಕೆ ಎಂತ ಉಂಟು ಅಂತ ಮಗುವಿಗೆ ನಾವೇ ತೋರಿಸಬೇಕು.

ಶುರುವಿಗೆ ಟಿಕೆಟ್ಟಿನ ಹಾಲ್ ಬೇಡ. ದೇವಸ್ಥಾನದ ನವರಾತ್ರಿ ಕಚೇರಿಯೋ, ಎಡನೀರು ಮಠದಲ್ಲಿ ಚಾತುರ್ಮಾಸ್ಯದ ಹೊತ್ತಿಗೆ ನಡೆಯುವ ಕಾರ್ಯಕ್ರಮವೋ ಸಾಕು. ಜನ ಬರುತ್ತಾ ಹೋಗುತ್ತಾ ಇರುತ್ತಾರೆ, ಮಗು ಎದ್ದರೆ ಯಾರೂ ಕೆಕ್ಕರಿಸಿ ನೋಡುವುದಿಲ್ಲ. ಬದಿಯಲ್ಲಿ, ಬಾಗಿಲ ಹತ್ತಿರ ಕೂತುಕೊಳ್ಳಿ. ಮುಂದಿನ ಸಾಲಿನ ಆಸೆ ಸದ್ಯಕ್ಕೆ ಬಿಡಿ.

ಕಚೇರಿ ಶುರುವಾಗುವ ಅರ್ಧ ಗಂಟೆ ಮೊದಲೇ ಹೋಗಿ. ನನ್ನ ಪ್ರಕಾರ ಮಕ್ಕಳ ಪಾಲಿಗೆ ಅದೇ ಒಳ್ಳೆಯ ಭಾಗ. ಮೃದಂಗದವರು ರವೆಯನ್ನು ನೀರಲ್ಲಿ ಕಲಸಿ, ಚಿಕ್ಕ ಉಂಡೆ ಮಾಡಿ, ಎಡಬದಿಯ ಚರ್ಮದ ನಡುವೆ ಒತ್ತಿ ಹಚ್ಚುತ್ತಾರೆ. ಆಮೇಲೆ ಬಲಬದಿಯ ಅಂಚಿಗೆ ಕಲ್ಲಿನಿಂದ ಟಕ್ ಟಕ್ ಅಂತ ಬಡಿದು, ಬೆರಳಿಂದ ನುಡಿಸಿ, ಪುನಃ ಬಡಿದು, ತಂಬೂರಿಯ ಶ್ರುತಿಗೆ ಸೇರುವವರೆಗೂ ಬಿಡುವುದಿಲ್ಲ. ಉಪ್ಪಿಟ್ಟಿನ ರವೆ ಇಲ್ಲಿ ಯಾಕೆ ಅಂತ ಮಗು ಕೇಳಿಯೇ ಕೇಳುತ್ತದೆ. ಆ ಭಾರದಿಂದಲೇ ಎಡಬದಿಗೆ ದಪ್ಪ ಸ್ವರ ಬರುವುದು ಅಂತ ಹೇಳಿ. ಈಗ ಕೆಲವರು ರವೆ ಬದಲು ಸಿಲಿಕೋನ್ ಹಚ್ಚುತ್ತಾರೆ, ಅದಕ್ಕೆ ಇಷ್ಟು ಮಜಾ ಇಲ್ಲ.

ಮನೆಯಲ್ಲಿ ಆ ವಾರ ಒಂದೆರಡು ಹಾಡು ಕೇಳಿಸಿ. ‘ಗಜವದನ ಬೇಡುವೆ’, ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಥರದ ಪುರಂದರದಾಸರ ಪದಗಳು ಭಜನಾ ಮಂದಿರದಿಂದಾಗಿ ಹೆಚ್ಚಿನ ಮಕ್ಕಳಿಗೆ ಗೊತ್ತೇ ಇರುತ್ತವೆ. ಜೊತೆಗೆ ಆದಿತಾಳ ಹಾಕುವುದನ್ನು ಕಲಿಸಿಬಿಡಿ. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ಪೆಟ್ಟು–ಬೀಸು, ಪೆಟ್ಟು–ಬೀಸು. ಒಟ್ಟು 8 ಎಣಿಕೆ. ಅಲ್ಲಿ ಜೋರಾಗಿ ತೊಡೆಗೆ ಬಡಿಯದೆ ನಿಮ್ಮ ಅಂಗೈ ಮೇಲೆ ಹಾಕಲಿ. ತಪ್ಪಿದರೆ ತಪ್ಪಲಿ, ದೊಡ್ಡವರೂ ತಪ್ಪುತ್ತಾರೆ.

ನೆರವಲ್ ಬಂದಾಗ ಒಂದೇ ಸಾಲು ತಿರುಗಿ ತಿರುಗಿ ಬರುತ್ತದೆ, ಆಗ "ಅಪ್ಪಾ, ಆ ಮಾಮನಿಗೆ ಮುಂದಿನ ಸಾಲು ಮರೆತುಹೋಯ್ತಾ?" ಅಂತ ಪ್ರಶ್ನೆ ಬರಬಹುದು. ನಗಬೇಡಿ, ಕಿವಿಯಲ್ಲಿ ಹೇಳಿ: ಮರೆತಿಲ್ಲ, ಅದೇ ಸಾಲನ್ನು ಎಷ್ಟು ಥರ ಹಾಡ್ತಾರೆ ಎಣಿಸು. ಸ್ವರ ಹಾಕುವಾಗ, ಅಂದರೆ ಹಾಡುವವರು ಸರಿಗಮ ಹೇಳುವಾಗ, ಪಿಟೀಲಿನವರು ಹೇಗೆ ಉತ್ತರ ಕೊಡುತ್ತಾರೆ ನೋಡು ಅನ್ನಿ. ತನಿ ಆವರ್ತನಕ್ಕೆ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗಕ್ಕೆ, ಮೃದಂಗದ ಜೊತೆ ಘಟವೂ ಇದ್ದರೆ ನಿಮಗೆ ಕೆಲಸವೇ ಇಲ್ಲ, ಮಡಕೆ ಹೊಟ್ಟೆಗೆ ಒತ್ತಿದಾಗ ಸದ್ದು ಬದಲಾಗುವುದನ್ನು ಮಕ್ಕಳೇ ಕಂಡುಹಿಡಿಯುತ್ತವೆ. ಕೊನೆಗೆ ಮೃದಂಗ, ಘಟದವರಿಬ್ಬರೂ ಸೇರಿ ನುಡಿಸುವ ಕೋರ್ವೆ (ತನಿ ಮುಗಿಸುವ ಲಯದ ಜೋಡಣೆ) 3 ಸಲ ಬರುತ್ತದೆ ಅಂತ ಮೊದಲೇ ಹೇಳಿಟ್ಟರೆ ಮೂರನೆಯದಕ್ಕೆ ಕಾದು ಕೂತಿರುತ್ತವೆ.

ಇನ್ನು ಉದ್ದದ ಆಲಾಪನೆ, ಅಂದರೆ ಪದವೂ ತಾಳವೂ ಇಲ್ಲದೆ ರಾಗವನ್ನಷ್ಟೇ ಹಾಡುವುದು. ಅದು ಮಕ್ಕಳಿಗೆ ಕಷ್ಟ, ಸುಮ್ನೆ ಒತ್ತಾಯ ಬೇಡ. ಬಣ್ಣದ ಪೆನ್ಸಿಲು, ಒಂದು ಹಾಳೆ ಕೊಡಿ, ತಂಬೂರಿ ಬಿಡಿಸಲಿ. ಮೊಬೈಲ್ ಮಾತ್ರ ಕೊಡಲೇಬೇಡಿ. ಸದ್ದು ತೆಗೆದರೂ ಅದರ ಬೆಳಕು ಹಿಂದಿನವರ ಕಣ್ಣಿಗೆ ಹೊಡೆಯುತ್ತದೆ.

ತಿಂಡಿ ಮನೆಯಲ್ಲೇ ಮುಗಿಸಿ. ಚಕ್ಕುಲಿ ಬೇಡ, ಚಿಪ್ಸಿನ ಪ್ಯಾಕೆಟ್ಟಂತೂ ಬೇಡವೇ ಬೇಡ. ನೀರು ಮತ್ತು ಕದಳಿ ಬಾಳೆಹಣ್ಣು ಚೀಲದಲ್ಲಿರಲಿ, ಹೊರಗೆ ಬಂದು ಕೊಡಿ.

ಮೂರು ನಾಲ್ಕು ವರ್ಷದವರಿಗೆ ಒಂದು ಗಂಟೆಯೇ ಜಾಸ್ತಿ. ಹೊರಡುವುದಾದರೆ ಒಂದು ಹಾಡು ಮುಗಿದು ಚಪ್ಪಾಳೆ ಬೀಳುವಾಗ ಏಳಿ. ತನಿ ನಡೆಯುವಾಗ ಎದ್ದು ಹೋಗುವವರು ತುಂಬ ಇದ್ದಾರೆ, ಮೃದಂಗದವರಿಗೆ ಅದು ಅವಮಾನ, ಮಕ್ಕಳೂ ಅದನ್ನೇ ಕಲಿಯುತ್ತವೆ. ಸ್ವಲ್ಪ ದೊಡ್ಡವರಾದರೆ ಕೊನೆಯ ದೇವರನಾಮದವರೆಗೂ ಕೂರಿಸಬಹುದು. ಕೆಲವು ಕಡೆ ಚೀಟಿ ಕಳಿಸಿದರೆ ಕೇಳಿದ ಪದ ಹಾಡುತ್ತಾರೆ. ಆ ಚೀಟಿ ಮಗುವೇ ಬರೆಯಲಿ.

ದಾರಿಯಲ್ಲಿ "ಅದು ಯಾವ ರಾಗ ಹೇಳು" ಅಂತ ಪರೀಕ್ಷೆ ಮಾಡಬೇಡಿ. ಮರುದಿನವೇ ಪಾಠಕ್ಕೆ ಸೇರಿಸುವ ಗಡಿಬಿಡಿಯೂ ಬೇಡ. ಹಾಂ, ಬದಿಯಡ್ಕ, ಪೆರ್ಲ ಕಡೆಯವರು ವಾಪಸು ಬರುವ ಬಸ್ಸೋ ರಿಕ್ಷಾವೋ ಮೊದಲೇ ನೋಡಿಟ್ಟುಕೊಳ್ಳಿ. ನಿದ್ದೆ ಬಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆ ಬದಿ ಕಾಯುವುದು ಸುಲಭ ಅಲ್ಲ.